ಸಭೆಯ ಧ್ವನಿ, ಮನೆಯ ಧ್ವನಿ

ನಮ್ಮ ಸಭೆಯ, ಅಂದರೆ ಚರ್ಚಿನ, ಪುರುಷರ ಕೂಟವನ್ನು ನಡೆಸುವ ಹೊಣೆ ನನ್ನ ಮೇಲೆ ಬಿದ್ದು ಆರು ವರ್ಷಗಳಾಗಿದ್ದವು. ಒಂದು ಶನಿವಾರ ಸಂಜೆ ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಅಪೊಸ್ತಲನಾದ ಪೌಲನು ಎಫೆಸದವರಿಗೆ ಬರೆದ ಪತ್ರಿಕೆಯ 5ನೇ ಅಧ್ಯಾಯವನ್ನು ಹಿಡಿದು, ಕ್ರಿಸ್ತನು ಸಭೆಯನ್ನು ಪ್ರೀತಿಸಿದಂತೆ ಪುರುಷರು ತಮ್ಮ ಹೆಂಡತಿಯರನ್ನು ಪ್ರೀತಿಸಬೇಕೆಂಬ 25ನೇ ವಚನದ ಮೇಲೆ ಸುಮಾರು 40 ನಿಮಿಷ ಮಾತಾಡಿದೆ. ಕೊನೆಗೆ, ಕೇಳುಗರ ತೂಕಡಿಕೆ ಬಿಡಿಸುವ ಉದ್ದೇಶದಿಂದಲೇ ಎನ್ನಬಹುದು, "ಕಳೆದ ವಾರದಲ್ಲಿ ಹೆಂಡತಿಯ ಪಕ್ಕದಲ್ಲಿ ಕೂತು, ಆಕೆಗೆ ಕೇಳಿಸುವಂತೆ ಒಂದು ಸಲವಾದರೂ ಪ್ರಾರ್ಥನೆ ಮಾಡಿದವರು ಕೈ ಎತ್ತಿ" ಎಂದೆ. 14 ಜನರಿದ್ದರು. ಒಂದು ಕೈಯೂ ಮೇಲೇಳಲಿಲ್ಲ. ಎಲ್ಲರೂ ತಮ್ಮ ಸತ್ಯವೇದದ ಪುಟಗಳನ್ನು ವಿನಾಕಾರಣ ತಿರುವತೊಡಗಿದರು. ಆಗ ಹಿಂದಿನ ಸಾಲಿನಲ್ಲಿದ್ದ, ಎಪ್ಪತ್ತು ದಾಟಿದ ಹಿರಿಯರೊಬ್ಬರು, ಯಾವ ವ್ಯಂಗ್ಯವೂ ಇಲ್ಲದ ಧ್ವನಿಯಲ್ಲಿ, "ತಮ್ಮಾ, ನಿನ್ನ ಕೈ ಎಲ್ಲಿದೆಯಪ್ಪಾ?" ಎಂದು ಕೇಳಿದರು. ನನ್ನ ಕೈ ಪ್ರಸಂಗಪೀಠದ ಅಂಚನ್ನು ಹಿಡಿದುಕೊಂಡಿತ್ತು.

ಆ ಪ್ರಶ್ನೆಗೆ ನಾನು ಅಂದು ಉತ್ತರ ಕೊಡಲಿಲ್ಲ. ಏನೋ ಒಂದು ಹಾಡು ಹಾಡಿಸಿ, ಆಶೀರ್ವಾದ ಹೇಳಿಸಿ ಕೂಟ ಮುಗಿಸಿದೆ. ಆದರೆ ಮನೆಗೆ ಹೋಗುವ ದಾರಿಯಲ್ಲಿ ಲೆಕ್ಕ ಹಾಕಿದಾಗ, ಮದುವೆಯಾದ ಹತ್ತೊಂಬತ್ತು ವರ್ಷಗಳಲ್ಲಿ ನಾವಿಬ್ಬರೇ ಕೂತು ಪ್ರಾರ್ಥಿಸಿದ ಸಂದರ್ಭಗಳನ್ನು ಬೆರಳುಗಳ ಮೇಲೆ ಎಣಿಸಬಹುದಿತ್ತು, ಅವುಗಳಲ್ಲಿ ಹೆಚ್ಚಿನವು ಆಸ್ಪತ್ರೆಯ ಕಾರಿಡಾರಿನಲ್ಲಿ ನಡೆದವು. ನೂರು ಜನರ ಎದುರು ನಿಂತು ಪ್ರಾರ್ಥಿಸಲು ನನಗೆ ಯಾವ ಹಿಂಜರಿಕೆಯೂ ಇರಲಿಲ್ಲ. ಒಬ್ಬಳೇ ಒಬ್ಬಳು, ಅದೂ ನನ್ನನ್ನು ಎಲ್ಲರಿಗಿಂತ ಹೆಚ್ಚು ಬಲ್ಲವಳು, ಎದುರಿಗಿದ್ದರೆ ನಾಲಿಗೆ ಏಳುತ್ತಿರಲಿಲ್ಲ. ಇದಕ್ಕೆ ಸಂಕೋಚ ಎಂಬುದಕ್ಕಿಂತ ಬೇರೆ ಪದ ನನಗೆ ಸಿಗುವುದಿಲ್ಲ. ಬೆಳಗ್ಗೆ ಸಿಡುಕಿದ ಬಾಯಿಯಿಂದ ರಾತ್ರಿ "ಪರಲೋಕದ ತಂದೆಯೇ" ಎಂದು ಆರಂಭಿಸಿದರೆ ಆಕೆ ಏನೆಂದುಕೊಂಡಾಳು ಎಂಬ ಅಳುಕು ಅದರ ಒಳಗಿತ್ತು. ಸಭೆಯವರಿಗೆ ನನ್ನ ಬೆಳಗಿನ ಸಿಡುಕು ಗೊತ್ತಿರಲಿಲ್ಲವಾದ್ದರಿಂದ ಅಲ್ಲಿ ಪ್ರಾರ್ಥನೆ ಸಲೀಸಾಗಿತ್ತು.

ಪುರುಷರನ್ನು ನಂಬಿಕೆಯಲ್ಲಿ ಹುರಿದುಂಬಿಸುವ ಸೇವೆಯಲ್ಲಿ ನಾನು ಕಲಿತದ್ದೆಲ್ಲ ಈ ಸಂಕೋಚದ ಸುತ್ತಲೇ ಇದೆ. ಅದುವರೆಗೆ ನನ್ನ ತಿಳಿವಳಿಕೆ ಏನೆಂದರೆ, ಗಂಡಸರಿಗೆ ವಚನದ ಜ್ಞಾನ ಸಾಲದು, ಅದನ್ನು ಕೊಟ್ಟರೆ ಮನೆಯ ನಡೆ ತಾನಾಗಿಯೇ ಸರಿಹೋಗುತ್ತದೆ ಎಂಬುದಾಗಿತ್ತು. ನಮ್ಮ 14 ಜನರಿಗೆ ಎಫೆಸದ ಆ ವಚನ ಬಾಯಿಪಾಠವೇ ಇತ್ತು. ಕೊರತೆಯಿದ್ದದ್ದು ಹೇಗೆ ಶುರು ಮಾಡುವುದು ಎಂಬಲ್ಲಿ, ಮತ್ತು ಶುರು ಮಾಡಿ ನಗೆಪಾಟಲಾದರೆ ಹೇಳಿಕೊಳ್ಳಲು ಇನ್ನೊಬ್ಬ ಗಂಡಸು ಇಲ್ಲ ಎಂಬಲ್ಲಿ.

ಹಾಗಾಗಿ ಮೊದಲು ನಾನೇ ಶುರು ಮಾಡಬೇಕಾಯಿತು. ಅದೇ ವಾರ ಒಂದು ರಾತ್ರಿ, ಮಕ್ಕಳು ಮಲಗಿದ ಮೇಲೆ, "ಸ್ವಲ್ಪ ಪ್ರಾರ್ಥನೆ ಮಾಡೋಣವೇ?" ಎಂದು ಹೆಂಡತಿಯನ್ನು ಕೇಳಿದೆ. ಆಕೆ ಮೊದಲು ಕೇಳಿದ್ದು, "ಯಾರಿಗೆ ಏನಾಯಿತು?" ಎಂದು. ಯಾರಿಗೂ ಏನೂ ಆಗಿಲ್ಲವೆಂದು ನಂಬಿಸಿ, ಕಣ್ಣು ಮುಚ್ಚಿ, ನಾನು ರೂಢಿಯಂತೆ ಆರಂಭಿಸಿದೆ. ದೇವರ ಮಹಿಮೆಯನ್ನು ವರ್ಣಿಸಿ, ದೇಶಕ್ಕಾಗಿ, ಸಭೆಗಾಗಿ, ಸೇವಕರಿಗಾಗಿ ಬೇಡಿ, ಇನ್ನೇನು ಸಂಬಂಧಿಕರ ಕಡೆಗೆ ಬರಬೇಕು, ಅಷ್ಟರಲ್ಲಿ ಆಕೆ ನನ್ನ ಮೊಣಕೈ ಮುಟ್ಟಿ, "ರೀ, ಇದು ನಿಮ್ಮ ಸಭೆಯ ಧ್ವನಿ. ನನ್ನ ಜೊತೆ ಮಾತಾಡುವ ಧ್ವನಿಯಲ್ಲಿ ಮಾಡಿ" ಎಂದಳು. ನನಗೆ ಕೋಪ ಬಂತು. ಪ್ರಾರ್ಥನೆಯ ಮಧ್ಯದಲ್ಲಿ ಕೋಪ ಬಂದದ್ದು ಅದೇ ಮೊದಲೇನಲ್ಲ, ಆದರೆ ಅದನ್ನು ಒಪ್ಪಿಕೊಂಡದ್ದು ಅಂದೇ ಮೊದಲು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕರ್ತನೇ, ಇವಳು ಇಂದು ತುಂಬಾ ದಣಿದಿದ್ದಾಳೆ. ನಾನು ಗಮನಿಸಲಿಲ್ಲ. ನಾಳೆಗೆ ಬಲ ಕೊಡು" ಎಂದೆ. ಆಕೆ ಆಮೆನ್ ಎಂದಳು. ಇಡೀ ಪ್ರಾರ್ಥನೆಗೆ ಒಂದು ನಿಮಿಷವೂ ಹಿಡಿಯಲಿಲ್ಲ.

ಅಂದಿನಿಂದ ನಾವು ಇಟ್ಟುಕೊಂಡ ಕ್ರಮ ಇಷ್ಟೇ: ಮಲಗುವ ಮುನ್ನ ನಾನು ಆಕೆಯನ್ನು "ನಾಳೆ ನಿನಗೆ ಭಾರವಾಗಿರುವುದು ಯಾವುದು?" ಎಂದು ಕೇಳುತ್ತೇನೆ, ಆಕೆ ಹೇಳಿದ್ದನ್ನು ಆಕೆಯ ಮಾತಿನಲ್ಲಿಯೇ ದೇವರ ಮುಂದಿಡುತ್ತೇನೆ, ಎರಡು ಮೂರು ವಾಕ್ಯಗಳಲ್ಲಿ ನಿಲ್ಲಿಸುತ್ತೇನೆ. ಮೊದಲ ಕೆಲವು ವಾರಗಳಲ್ಲಿ ನಾನು ಬೆರಗಾದದ್ದು ನನ್ನ ಪ್ರಾರ್ಥನೆಯಿಂದಲ್ಲ, ಆಕೆಯ ಉತ್ತರಗಳಿಂದ. ಆಕೆಯ ಕೆಲಸದ ಜಾಗದಲ್ಲಿ ಎರಡು ವರ್ಷದಿಂದ ನಡೆಯುತ್ತಿದ್ದ ಒಂದು ಕಿರುಕುಳದ ವಿಷಯ ನನಗೆ ಗೊತ್ತಾದದ್ದು ಹೀಗೆ. ಹಗಲಿನಲ್ಲಿ ಕೇಳಿದ್ದರೆ ನಾನು ತಕ್ಷಣ ಪರಿಹಾರ ಹೇಳಲು ಹೋಗುತ್ತಿದ್ದೆ. ಪ್ರಾರ್ಥನೆಗಾಗಿ ಕೇಳಿದ್ದರಿಂದ ಸುಮ್ಮನೆ ಕೇಳಿಸಿಕೊಳ್ಳಬೇಕಾಯಿತು. ಯೇಸುವಿನ ಶಿಷ್ಯನಾದ ಪೇತ್ರನು ತನ್ನ ಮೊದಲನೆಯ ಪತ್ರಿಕೆಯ 3ನೇ ಅಧ್ಯಾಯದ 7ನೇ ವಚನದಲ್ಲಿ ಪುರುಷರಿಗೆ, ಹೆಂಡತಿಯರ ಸಂಗಡ ವಿವೇಕದಿಂದ ಬಾಳಿರಿ, ಅವರಿಗೆ ಮಾನ ಸಲ್ಲಿಸಿರಿ, ಹೀಗೆ ಮಾಡಿದರೆ ನಿಮ್ಮ ಪ್ರಾರ್ಥನೆಗಳಿಗೆ ಅಡ್ಡಿಯಾಗದು ಎಂಬರ್ಥದ ಮಾತು ಬರೆದಿದ್ದಾನೆ. ಈ ವಚನದ ಕೊನೆಯ ಭಾಗವನ್ನು ನಾನು ಅದುವರೆಗೆ ಓದಿಯೂ ಓದದಂತಿದ್ದೆ. ಹೆಂಡತಿಯೊಡನೆ ಗಂಡನ ನಡತೆ ಸರಿಯಿಲ್ಲದಿದ್ದರೆ ಅವನ ಪ್ರಾರ್ಥನೆಗೇ ತಡೆ ಬೀಳುತ್ತದೆ ಎಂಬುದು, ಪ್ರಾರ್ಥನೆಯನ್ನೇ ತನ್ನ ಕಸುಬು ಮಾಡಿಕೊಂಡವನಿಗೆ ಸಣ್ಣ ಎಚ್ಚರಿಕೆಯಲ್ಲ.

ಎರಡು ತಿಂಗಳ ನಂತರ ಕೂಟದಲ್ಲಿ ಇದನ್ನೆಲ್ಲ ಇದ್ದ ಹಾಗೆಯೇ ಹೇಳಿಕೊಂಡೆ, ಸಭೆಯ ಧ್ವನಿಯ ಪ್ರಸಂಗವನ್ನೂ ಬಿಡದೆ. ಜನ ನಕ್ಕರು. ಆ ನಗುವಿನ ಬಳಿಕ ಮೂವರು ನನ್ನ ಬಳಿ ಬಂದು ಬೇರೆ ಬೇರೆಯಾಗಿ ಒಂದೇ ಮಾತು ಹೇಳಿದರು: "ನಮ್ಮ ಮನೆಯಲ್ಲಿಯೂ ಹೀಗೇ." ಆರು ವರ್ಷ ಪ್ರಸಂಗ ಮಾಡಿ ನಾನು ಕಾಣದ ಬಾಗಿಲು ಒಂದು ಸಲ ನಗೆಪಾಟಲಾಗಿದ್ದರಿಂದ ತೆರೆಯಿತು. ನಿಮ್ಮ ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿಕೊಳ್ಳಿರಿ ಎಂದು ಯಾಕೋಬನು ತನ್ನ ಪತ್ರಿಕೆಯ 5ನೇ ಅಧ್ಯಾಯದ 16ನೇ ವಚನದಲ್ಲಿ ಹೇಳುವಾಗ, ಅದು ದೊಡ್ಡ ಪತನಗಳ ಕುರಿತು ಮಾತ್ರ ಎಂದುಕೊಂಡಿದ್ದೆ. ದಿನನಿತ್ಯದ ಈ ಸಣ್ಣ ಸೋಲುಗಳನ್ನು ಹೇಳಿಕೊಳ್ಳುವುದೇ ಹೆಚ್ಚು ಕಷ್ಟ, ಏಕೆಂದರೆ ಅವುಗಳಲ್ಲಿ ನಾಟಕೀಯವಾದದ್ದು ಏನೂ ಇರುವುದಿಲ್ಲ.

ಆಮೇಲೆ ಕೂಟದ ರೂಪವನ್ನೇ ಬದಲಿಸಿದೆವು. ತಿಂಗಳಿಗೊಮ್ಮೆ ಎಲ್ಲರೂ ಸೇರುವುದು ಉಳಿಯಿತು, ಆದರೆ ನಿಜವಾದ ಕೆಲಸವನ್ನು ಮೂವರು ಮೂವರ ಸಣ್ಣ ಗುಂಪುಗಳಿಗೆ ಒಪ್ಪಿಸಿದೆವು. ಇಬ್ಬರಾದರೆ ಒಬ್ಬನು ಬಾರದ ದಿನ ಇನ್ನೊಬ್ಬನು ಒಂಟಿಯಾಗುತ್ತಾನೆ, ಐವರಾದರೆ ಇಬ್ಬರು ಮಾತಾಡಿ ಮೂವರು ಕೇಳುತ್ತಾರೆ, ಆದ್ದರಿಂದ ಮೂವರು. ವಾರಕ್ಕೊಮ್ಮೆ 45 ನಿಮಿಷ, ಹೆಚ್ಚೆಂದರೆ ಒಂದು ಗಂಟೆ. ಅಲ್ಲಿ ಹೆಂಡತಿಯ ತಪ್ಪುಗಳನ್ನು ಹೇಳುವಂತಿಲ್ಲ, ತನ್ನ ಪಾಲಿನದನ್ನು ಮಾತ್ರ ಹೇಳಬೇಕು. ಕೇಳದ ಹೊರತು ಯಾರೂ ಸಲಹೆ ಕೊಡುವಂತಿಲ್ಲ. ಕೇಳಿದ ಮಾತು ಆ ಮೂವರನ್ನು ಬಿಟ್ಟು ಹೊರಗೆ ಹೋಗಬಾರದು. ಮೊದಲನೆಯದನ್ನು ಪಾಲಿಸುವುದು ಎಲ್ಲಕ್ಕಿಂತ ಕಷ್ಟವಾಯಿತು. ಒಬ್ಬರು ಮೊದಲ ಮೂರು ವಾರ ಬಂದು, ತಮ್ಮ ಪಾಲಿನದು ಏನೂ ಇಲ್ಲವೆಂದು ಹೇಳಿ ಸುಮ್ಮನೆ ಕೂತಿದ್ದರು. ನಾಲ್ಕನೆಯ ವಾರ ಅವರು ಒಂದೂವರೆ ಗಂಟೆ ಮಾತಾಡಿದರು.

ಮೂರನೆಯ ನಿಯಮಕ್ಕೆ ಒಂದು ಎಲ್ಲೆಯಿದೆ ಎಂಬುದನ್ನು ನಾವು ತಡವಾಗಿ ಕಲಿತೆವು. ಒಬ್ಬ ಸಹೋದರನು ತಾನು ಹೆಂಡತಿಯ ಮೇಲೆ ಕೈ ಮಾಡಿದ್ದನ್ನು ಹೇಳಿಕೊಂಡು ಅತ್ತಾಗ, ಜೊತೆಗಿದ್ದ ಇಬ್ಬರು ಅವನಿಗಾಗಿ ಪ್ರಾರ್ಥಿಸಿ, ಮಾತನ್ನು ಅಲ್ಲಿಯೇ ಮುಚ್ಚಿಟ್ಟರು. ಅವರ ಉದ್ದೇಶ ಒಳ್ಳೆಯದೇ ಇತ್ತು, ನಿರ್ಣಯ ತಪ್ಪಾಗಿತ್ತು. ಅತ್ತವನಿಗೆ ಸಾಂತ್ವನ ಸಿಕ್ಕಿತು, ಪೆಟ್ಟು ತಿಂದವಳಿಗೆ ಏನೂ ಸಿಗಲಿಲ್ಲ. ಈಗ ನಾವು ಗುಂಪಿಗೆ ಸೇರುವ ಪ್ರತಿಯೊಬ್ಬನಿಗೂ ಮೊದಲ ದಿನವೇ ಹೇಳುತ್ತೇವೆ: ಹೆಂಡತಿಯ ಅಥವಾ ಮಕ್ಕಳ ಮೈಗೆ ಅಪಾಯವಿರುವ ಯಾವ ವಿಷಯವೂ ಗುಟ್ಟಾಗಿ ಉಳಿಯುವುದಿಲ್ಲ, ಮೊದಲು ಅವರ ಸುರಕ್ಷೆ, ಆಮೇಲೆ ಸಭಾಪಾಲಕರು, ಅಗತ್ಯವಿದ್ದಲ್ಲಿ ಕಾನೂನು, ಪಶ್ಚಾತ್ತಾಪದ ಮಾತು ಆ ಬಳಿಕ. ಗಂಡನು ಹೆಂಡತಿಗೆ ತಲೆ ಎಂಬ, ಅದೇ ಎಫೆಸದ ಪತ್ರಿಕೆಯ 5ನೇ ಅಧ್ಯಾಯದ 23ನೇ ವಚನವನ್ನು ಎತ್ತಿಹಿಡಿದು ವಾದಿಸುವವರು ಪ್ರತಿ ವರ್ಷ ಒಬ್ಬಿಬ್ಬರು ಬರುತ್ತಾರೆ. ಅವರಿಗೆ ನಾನು 21ನೇ ವಚನದಿಂದ ಗಟ್ಟಿಯಾಗಿ ಓದಲು ಹೇಳುತ್ತೇನೆ. ಅಲ್ಲಿ ಒಬ್ಬರಿಗೊಬ್ಬರು ಅಧೀನರಾಗಿರುವ ಮಾತಿದೆ. ಮುಂದೆ ಪುರುಷರಿಗೆ ಬಂದಾಗ ಪೌಲನು ಅವರಿಗೆ ಕೊಡುವ ಆಜ್ಞೆ ಆಳುವುದಲ್ಲ, ಪ್ರೀತಿಸಿ ತನ್ನನ್ನೇ ಕೊಟ್ಟುಬಿಡುವುದು. ತನ್ನ ಪಾಲಿನ ವಚನವನ್ನು ಬಿಟ್ಟು ಹೆಂಡತಿಯ ಪಾಲಿನದನ್ನು ಬಾಯಿಪಾಠ ಮಾಡಿದ ಗಂಡಸಿನೊಡನೆ ಹೆಚ್ಚು ಮಾತು ಬೆಳೆಸುವುದರಲ್ಲಿ ನನಗೆ ನಂಬಿಕೆಯಿಲ್ಲ.

ಓದಲು ಮಾರ್ಕನು ಬರೆದ ಸುವಾರ್ತೆಯನ್ನು, ಅಂದರೆ ಯೇಸುವಿನ ಜೀವನದ ವೃತ್ತಾಂತವನ್ನು, ಆರಿಸಿಕೊಂಡೆವು. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯಗಳು, ವಾರಕ್ಕೊಂದರಂತೆ ನಾಲ್ಕು ತಿಂಗಳಿಗೆ ಒಂದು ಸುತ್ತು. ಪುರುಷರ ಕೂಟಗಳಲ್ಲಿ ಸಾಮಾನ್ಯವಾಗಿ ಯೆಹೋಶುವನನ್ನೋ ಗಿದ್ಯೋನನನ್ನೋ ದಾವೀದನನ್ನೋ ಹಿಡಿಯುತ್ತಾರೆ. ಯುದ್ಧದ ಕಥೆ ಕೇಳಲು ಗಂಡಸರಿಗೆ ಹಿತವಾಗಿರುತ್ತದೆ, ಆದರೆ ಸೋಮವಾರ ಬೆಳಗ್ಗೆ ದಾವೀದನಿಗೆ ಎದುರಾದ ದೈತ್ಯ ಗೋಲ್ಯಾತನು ಸಿಗುವುದಿಲ್ಲ, ಶಾಲೆಗೆ ಹೊರಡಲು ಒಪ್ಪದ ಮಗು ಸಿಗುತ್ತದೆ. ಮಾರ್ಕನಲ್ಲಿ ತಂದೆಯರಿದ್ದಾರೆ ಎಂಬುದನ್ನು ನಾವು ಓದುತ್ತಾ ಹೋದಂತೆ ಕಂಡುಕೊಂಡೆವು. 5ನೇ ಅಧ್ಯಾಯದ ಯಾಯೀರನು ಸಭಾಮಂದಿರದ ಅಧಿಕಾರಿ, ಊರಿನ ಮರ್ಯಾದಸ್ಥ. ಸಾಯುವ ಸ್ಥಿತಿಯಲ್ಲಿದ್ದ ಹನ್ನೆರಡು ವರ್ಷದ ಮಗಳಿಗಾಗಿ ಎಲ್ಲರ ಎದುರಿಗೇ ಯೇಸುವಿನ ಪಾದಕ್ಕೆ ಬೀಳುತ್ತಾನೆ. ನಮ್ಮಲ್ಲಿ ಎಷ್ಟು ಜನ ಮಗುವಿಗಾಗಿ ಜನರೆದುರು ಹಾಗೆ ಬಿದ್ದೇವು ಎಂದು ಒಬ್ಬರು ಕೇಳಿದಾಗ, ಆ ವಾರದ 45 ನಿಮಿಷಗಳು ಅದೊಂದೇ ಪ್ರಶ್ನೆಗೆ ಸಾಲಲಿಲ್ಲ.

9ನೇ ಅಧ್ಯಾಯದ ತಂದೆಯೇ ನಮ್ಮವರನ್ನು ಹೆಚ್ಚು ಹಿಡಿದದ್ದು. ಅವನ ಮಗನಿಗೆ ಮೂಗದೆವ್ವ ಹಿಡಿದಿತ್ತು. ಶಿಷ್ಯರ ಬಳಿಗೆ ತಂದನು, ಅವರಿಂದ ಆಗಲಿಲ್ಲ. ಸುತ್ತಲೂ ಶಾಸ್ತ್ರಿಗಳ ವಾಗ್ವಾದ ನಡೆಯುತ್ತಿತ್ತು. ಅಂಥ ಗದ್ದಲದ ನಡುವೆ ಯೇಸು ತಂದೆಯ ಕಡೆಗೆ ತಿರುಗಿ, ಇವನಿಗೆ ಹೀಗಾಗಿ ಎಷ್ಟು ಕಾಲವಾಯಿತು ಎಂದು ಕೇಳುತ್ತಾನೆ. ಬೋಧನೆಗೆ ಮೊದಲು, ಬಿಡುಗಡೆಗೂ ಮೊದಲು, ಒಂದು ಸಾದಾ ಪ್ರಶ್ನೆ. ಬಾಲ್ಯದಿಂದಲೇ ಎನ್ನುತ್ತಾನೆ ತಂದೆ. ಆ ಒಂದು ಮಾತಿನಲ್ಲಿ ಅವನ ಎಷ್ಟು ವರ್ಷಗಳ ನಿದ್ದೆಗೆಟ್ಟ ರಾತ್ರಿಗಳಿವೆಯೋ. ಮುಂದೆ 24ನೇ ವಚನದಲ್ಲಿ ಅವನು, ನಂಬುತ್ತೇನೆ, ನನ್ನ ಅಪನಂಬಿಕೆಯಲ್ಲಿ ಸಹಾಯ ಮಾಡು ಎಂದು ಕೂಗುತ್ತಾನೆ. ಇದನ್ನು ಓದಿದ ಸಂಜೆ ನಮ್ಮ ಗುಂಪಿನಲ್ಲಿ, ಎರಡು ವರ್ಷದಿಂದ ಸಾಲದಲ್ಲಿ ಮುಳುಗಿ ಅದನ್ನು ಮನೆಯವರಿಂದ ಮುಚ್ಚಿಟ್ಟಿದ್ದ ಒಬ್ಬರು ಬಾಯಿಬಿಟ್ಟರು. ತಾನು ಹಿರಿಯನೆಂದೂ ನಂಬಿಕೆಯಲ್ಲಿ ದೃಢನೆಂದೂ ಎಲ್ಲರೂ ಎಣಿಸಿರುವಾಗ, ದೇವರು ಕೈಬಿಟ್ಟಿದ್ದಾನೆಂಬ ಅನುಮಾನ ತನಗಿದೆ ಎಂದು ಯಾರಿಗೆ ಹೇಳಲಿ ಎಂಬುದು ಅವರ ಸಂಕಟವಾಗಿತ್ತು. ಅಪನಂಬಿಕೆಯನ್ನೂ ಪ್ರಾರ್ಥನೆಯಾಗಿ ಹೇಳಬಹುದು ಎಂಬುದು ಅವರಿಗೆ ಹೊಸ ವಿಷಯವಾಗಿತ್ತು. ಮರುದಿನ ಅವರು ಹೆಂಡತಿಗೆ ಲೆಕ್ಕವನ್ನೆಲ್ಲ ತೋರಿಸಿದರು. ಆಕೆ ಎರಡು ದಿನ ಮಾತು ಬಿಟ್ಟರಂತೆ, ಮೂರನೆಯ ದಿನ ಕಾಗದ ಪೆನ್ನು ಹಿಡಿದು ಪಕ್ಕದಲ್ಲಿ ಕೂತರಂತೆ. ಸಾಲ ತೀರಲು ಮೂರು ವರ್ಷ ಹಿಡಿಯಿತು.

ಮಕ್ಕಳ ವಿಷಯದಲ್ಲಿ ನನ್ನ ತಪ್ಪುಗಳ ಪಟ್ಟಿ ದೊಡ್ಡದು. ಕುಟುಂಬ ಪ್ರಾರ್ಥನೆಯನ್ನು ನಾನು ಮನೆಯಲ್ಲಿ ಹತ್ತು ವರ್ಷ ನಡೆಸಿದ್ದೆ, ಆದರೆ ಅದನ್ನು ಒಂದು ಸಣ್ಣ ಆರಾಧನೆಯಂತೆ, ಹಾಡು, ಓದು, ವಿವರಣೆ, ಪ್ರಶ್ನೋತ್ತರ, ಪ್ರಾರ್ಥನೆ ಎಂದು ಅರ್ಧ ಗಂಟೆ ಎಳೆಯುತ್ತಿದ್ದೆ. ಪ್ರಶ್ನೆಗೆ ಉತ್ತರ ಬಾರದಿದ್ದರೆ ಗದರುತ್ತಿದ್ದೆ. ಇನ್ನೂ ಕೆಟ್ಟದ್ದೆಂದರೆ, ಹಗಲು ಮಗ ಮಾಡಿದ ತಪ್ಪಿಗೆ ಹೊಂದುವ ವಚನವನ್ನು ಹುಡುಕಿ ರಾತ್ರಿ ಓದುತ್ತಿದ್ದೆ. ಸತ್ಯವೇದದ ನೀತಿಮಾತುಗಳ ಪುಸ್ತಕವಾದ ಜ್ಞಾನೋಕ್ತಿಗಳಲ್ಲಿ 31 ಅಧ್ಯಾಯಗಳಿವೆ, ತಿಂಗಳ ಯಾವ ದಿನಕ್ಕಾದರೂ ಸೋಮಾರಿಯ ಮೇಲೋ ಮೂಢನ ಮೇಲೋ ಒಂದು ಮಾತು ಸಿಗುತ್ತದೆ. ಅವನಿಗೆ ಹದಿನೈದಾದಾಗ ಒಂದು ರಾತ್ರಿ ನಾನು ಎಫೆಸದ ಪತ್ರಿಕೆಯ 6ನೇ ಅಧ್ಯಾಯ ತೆಗೆದು, ಮಕ್ಕಳೇ ತಂದೆತಾಯಿಗಳ ಮಾತು ಕೇಳಿರಿ ಎಂಬ ಮೊದಲ ವಚನವನ್ನು ಅವನ ಕಡೆ ನೋಡುತ್ತಲೇ ಓದಿದೆ. ಅವನು ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡನು. ಮುಂದಿನ ಏಳು ತಿಂಗಳು ಅವನು ಪ್ರಾರ್ಥನೆಗೆ ಬಂದು ಕೂರಲಿಲ್ಲ.

ಅಂದು ರಾತ್ರಿ ಕೋಪದಲ್ಲಿ ಪುಸ್ತಕ ಮುಚ್ಚದೆ ಹಾಗೆಯೇ ಮುಂದೆ ಓದಿದ್ದರೆ, ಮೂರೇ ವಚನಗಳ ನಂತರ ನನಗೆ ಬರೆದ ಮಾತು ಸಿಗುತ್ತಿತ್ತು: ತಂದೆಗಳೇ, ನಿಮ್ಮ ಮಕ್ಕಳಿಗೆ ಕೋಪವೆಬ್ಬಿಸಬೇಡಿರಿ. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ 3ನೇ ಅಧ್ಯಾಯದ 21ನೇ ವಚನದಲ್ಲಿ ಅದೇ ಮಾತಿಗೆ ಕಾರಣವೂ ಇದೆ, ಅವರು ಮನಗುಂದಿ ಹೋಗಬಾರದು ಎಂಬುದು. ಇದನ್ನು ನನಗೆ ತೋರಿಸಿದವರು ನನ್ನ ಗುಂಪಿನ ಇಬ್ಬರು. ಅವರಲ್ಲೊಬ್ಬನು ನನಗಿಂತ ಹನ್ನೆರಡು ವರ್ಷ ಕಿರಿಯನು, ಇನ್ನೂ ಮಕ್ಕಳಿಲ್ಲದವನು. ಮಗನ ಬಳಿ ಹೋಗಿ ಕ್ಷಮೆ ಕೇಳಬೇಕೆಂದು ಅವರು ಹೇಳಲಿಲ್ಲ, ನಿಯಮದ ಪ್ರಕಾರ ಹೇಳುವಂತಿರಲಿಲ್ಲ. ಬರಿದೇ, "ಅವನ ಜೊತೆ ಕೊನೆಯ ಸಲ ತಪ್ಪಾಯಿತು ಎಂದದ್ದು ಯಾವಾಗ?" ಎಂದು ಕೇಳಿದರು. ಹಾಗೊಂದು ದಿನವೇ ಇರಲಿಲ್ಲ. ಮೂರು ವಾರ ತಡೆದು, ಒಂದು ಸಂಜೆ ಅವನ ಬಾಗಿಲಲ್ಲಿ ನಿಂತು, "ಸತ್ಯವೇದದಿಂದ ನಿನ್ನನ್ನು ಹೊಡೆದೆ. ಅದು ತಪ್ಪು" ಎಂದೆ. ಅವನು ಫೋನಿನಿಂದ ಕಣ್ಣೆತ್ತದೆ "ಸರಿ" ಎಂದನು. ಮನೆ ಬಿಟ್ಟ ಮಗ ತಂದೆಯ ತೋಳಿಗೆ ಬಂದಂಥ ದೃಶ್ಯವೇನೂ ನಡೆಯಲಿಲ್ಲ. ಕ್ಷಮೆ ಕೇಳಿದ ತಂದೆಗೆ ಪ್ರತಿಫಲ ಕೂಡಲೇ ಸಿಗಬೇಕೆಂಬ ನಿರೀಕ್ಷೆಯೂ ಒಂದು ವಿಧದ ಅಹಂಕಾರವೇ ಎಂದು ನನಗೀಗ ತೋರುತ್ತದೆ.

ಕುಟುಂಬ ಪ್ರಾರ್ಥನೆಯನ್ನು ಹತ್ತು ನಿಮಿಷಕ್ಕೆ ಇಳಿಸಿದೆ. ಗುಂಪಿನಲ್ಲಿ ಓದುವ ಮಾರ್ಕನ ಅಧ್ಯಾಯದಿಂದಲೇ ಒಂದು ಸಣ್ಣ ಭಾಗ, ವಿವರಣೆಯಿಲ್ಲ, ಓದಿದವರು ಒಂದು ಪ್ರಶ್ನೆ ಕೇಳಬಹುದು, ಅದಕ್ಕೆ ಉತ್ತರ ಸಿಗಲೇಬೇಕೆಂದಿಲ್ಲ. ಓದುವ ಸರದಿ ಮಕ್ಕಳದ್ದೂ ಹೌದು. ಇದಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಬೇರೊಂದು. ಧರ್ಮೋಪದೇಶಕಾಂಡದ 6ನೇ ಅಧ್ಯಾಯದ 7ನೇ ವಚನದಲ್ಲಿ, ದೇವರ ಮಾತುಗಳನ್ನು ಮಕ್ಕಳಿಗೆ ಕಲಿಸುವುದಕ್ಕೆ ನಾಲ್ಕು ಸಮಯಗಳನ್ನು ಹೇಳಿದೆ: ಮನೆಯಲ್ಲಿ ಕೂತಿರುವಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ. ಇವುಗಳಲ್ಲಿ ಯಾವುದಕ್ಕೂ ಪ್ರತ್ಯೇಕ ಸಭೆ ಸೇರಿಸಬೇಕಾಗಿಲ್ಲ. ಮಗಳನ್ನು ತರಗತಿಗೆ ಬಿಟ್ಟುಬರುವ ಇಪ್ಪತ್ತು ನಿಮಿಷಗಳ ದಾರಿಯಲ್ಲಿ ನಾನು ಫೋನನ್ನು ಚೀಲದಲ್ಲಿಡಲು ಶುರು ಮಾಡಿದೆ. ಮೊದಲ ವಾರ ಇಬ್ಬರಿಗೂ ಏನು ಮಾತಾಡಬೇಕೆಂದು ತಿಳಿಯಲಿಲ್ಲ. ಒಂದು ತಿಂಗಳಾದ ಮೇಲೆ ಅವಳು, ಸತ್ತ ಅಜ್ಜಿ ಈಗ ನಮ್ಮನ್ನು ನೋಡುತ್ತಿರುತ್ತಾಳೆಯೇ ಎಂದು ಕೇಳಿದಳು. ಅಂಥ ಪ್ರಶ್ನೆ ಅರ್ಧ ಗಂಟೆಯ ಕುಟುಂಬ ಪ್ರಾರ್ಥನೆಯಲ್ಲಿ ಹತ್ತು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಕೈಗೂಡದ ಸಂಗತಿಗಳನ್ನೂ ಹೇಳಬೇಕು. ದಿನಾಲೂ ಬೆಳಗ್ಗೆ ಫೋನಿನ ಗುಂಪಿಗೆ ವಚನ ಕಳಿಸುವ ವ್ಯವಸ್ಥೆ ಮಾಡಿದ್ದೆವು. ಎಲ್ಲರೂ ಕಳಿಸಿದರು, ಯಾರೂ ಓದಲಿಲ್ಲ, ಕೈಮುಗಿದ ಚಿಹ್ನೆಗಳು ಮಾತ್ರ ಸಾಲುಸಾಲಾಗಿ ಬಿದ್ದವು. ಅದನ್ನು ನಿಲ್ಲಿಸಿ, ಈಗ ಬುಧವಾರ ಒಂದೇ ಒಂದು ಪ್ರಶ್ನೆ ಕಳಿಸುತ್ತೇವೆ, "ಇಂದು ಮನೆಯಲ್ಲಿ ಯಾರ ಮಾತನ್ನು ಪೂರ್ತಿ ಕೇಳಿಸಿಕೊಂಡಿರಿ?" ಎಂಬಂಥದ್ದು. ಪ್ರಾರ್ಥನೆ ಮಾಡಿದ ದಿನಗಳಿಗೆ ಗುರುತು ಹಾಕುವ ಪಟ್ಟಿಯೊಂದನ್ನು ಹಂಚಿದ್ದೆವು. ಎರಡು ತಿಂಗಳಲ್ಲಿ ಎಲ್ಲರ ಪಟ್ಟಿಯೂ ತುಂಬಿತ್ತು, ಹೆಂಡತಿಯರನ್ನು ಕೇಳಿದಾಗ ಲೆಕ್ಕ ಹೊಂದಲಿಲ್ಲ. ಪಟ್ಟಿಯು ಗಂಡಸರಿಗೆ ಸುಳ್ಳು ಹೇಳಲು ಹೊಸದೊಂದು ಜಾಗವನ್ನು ಒದಗಿಸಿತ್ತಷ್ಟೆ.

ಇನ್ನೊಂದು ದೊಡ್ಡ ತಪ್ಪು, ಗಂಡಸೆಂದರೆ ಗಂಡ ಎಂದು ಭಾವಿಸಿದ್ದು. ನಮ್ಮಲ್ಲಿ ಮದುವೆಯಾಗದವರು ಮೂವರಿದ್ದರು, ಹೆಂಡತಿ ತೀರಿಕೊಂಡವರು ಒಬ್ಬರಿದ್ದರು, ಹೆಂಡತಿ ಸಭೆಗೆ ಬಾರದವರು ಇಬ್ಬರಿದ್ದರು. ಪ್ರತಿ ಶನಿವಾರ ನಾನು ದಂಪತಿಗಳ ಮಾತನ್ನೇ ಆಡುತ್ತಿದ್ದರೆ ಅವರು ಯಾವ ಮುಖ ಹೊತ್ತು ಕೂತಿದ್ದರೋ. ಪೌಲನೇ ಒಂಟಿಯಾಗಿದ್ದನು ಎಂಬುದನ್ನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 7ನೇ ಅಧ್ಯಾಯ ಹೇಳುತ್ತದೆ. ಪೌಲನ ಕಿರಿಯ ಜೊತೆಗಾರನಾದ ತಿಮೊಥೆಯನ ತಂದೆ ಗ್ರೀಕನು. ತಿಮೊಥೆಯನಲ್ಲಿದ್ದ ನಂಬಿಕೆ ಮೊದಲು ನೆಲೆಗೊಂಡದ್ದು ಅವನ ಅಜ್ಜಿಯಲ್ಲಿಯೂ ತಾಯಿಯಲ್ಲಿಯೂ ಎಂದು ಪೌಲನು ಬರೆಯುತ್ತಾನೆ. ಹಾಗಿರುವಾಗ ಪೌಲನು ಅವನನ್ನು ಮಗನೇ ಎಂದು ಕರೆದದ್ದರ ಅರ್ಥ ನಮಗೆ ಮದುವೆಯಾಗದ ಆ ಮೂವರಿಂದ ತಿಳಿಯಿತು. ಅವರಲ್ಲೊಬ್ಬನು ಈಗ ತಂದೆಯಿಲ್ಲದ ಇಬ್ಬರು ಹುಡುಗರಿಗೆ ಅವರ ತಾಯಿಯ ಒಪ್ಪಿಗೆಯೊಂದಿಗೆ, ಅವರ ಮನೆಯಲ್ಲಿಯೇ, ಎಲ್ಲರ ಎದುರಿಗೆ ಕೂತು ಗಣಿತ ಹೇಳಿಕೊಡುತ್ತಾನೆ. ವಚನ ಹೇಳಿಕೊಡು ಎಂದು ಯಾರೂ ಅವನಿಗೆ ಹೇಳಿಲ್ಲ. ಹುಡುಗರೇ ಕೇಳುತ್ತಾರಂತೆ.

ರಾತ್ರಿ ಪಾಳಿಯವರದ್ದು, ದೂರದ ಊರಿನಲ್ಲಿ ದುಡಿಯುವವರದ್ದು ಬೇರೆ ಸಮಸ್ಯೆ. ಅವರಿಗೆ ನಾವು ಕೊಟ್ಟ ಉಪಾಯ ಸುಲಭ: ಫೋನಿನಲ್ಲಿ ಅರ್ಧ ನಿಮಿಷದ ಪ್ರಾರ್ಥನೆಯನ್ನು ಧ್ವನಿಮುದ್ರಿಸಿ ಹೆಂಡತಿಗೂ ಮಕ್ಕಳಿಗೂ ಕಳಿಸುವುದು, ಮಕ್ಕಳ ಹೆಸರನ್ನು ಹೇಳಿ. ಇದರಲ್ಲಿ ಎದುರು ಕೂರುವ ಸಂಕೋಚವಿಲ್ಲದ ಕಾರಣ ಕೆಲವರಿಗೆ ಇದೇ ಮೊದಲ ಮೆಟ್ಟಿಲಾಯಿತು.

ಮಾತಿಗೆ ಬಾರದವರ ಕುರಿತು ನನಗೆ ಮೊದಲಿದ್ದ ಅಸಹನೆ ಈಗಿಲ್ಲ. ಯೇಸುವಿನ ತಾಯಿ ಮರಿಯಳ ಗಂಡನಾದ ಯೋಸೇಫನು ಆಡಿದ ಒಂದು ಮಾತೂ ಸುವಾರ್ತೆಗಳಲ್ಲಿ ದಾಖಲಾಗಿಲ್ಲ. ಮತ್ತಾಯನ ಮೊದಲ ಎರಡು ಅಧ್ಯಾಯಗಳಲ್ಲಿ ಅವನು ನಿದ್ದೆಯಿಂದ ಎದ್ದು ಹೇಳಿದಂತೆ ಮಾಡುತ್ತಾನೆ, ರಾತ್ರಿಯಲ್ಲಿ ಎದ್ದು ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಐಗುಪ್ತಕ್ಕೆ (ಈಜಿಪ್ಟಿಗೆ) ಹೋಗುತ್ತಾನೆ, ಮತ್ತೆ ಎದ್ದು ಹಿಂದಿರುಗುತ್ತಾನೆ. ಅವನ ಕುರಿತ ಕಥೆಯೆಲ್ಲ ಏಳುವುದರಲ್ಲಿದೆ. ಗುಂಪಿನಲ್ಲಿ ಬಾಯಿಬಿಡದೆ ಕೂರುವ ಒಬ್ಬ ಸಹೋದರನು ಕೂಸು ಹುಟ್ಟಿದ ದಿನದಿಂದ ರಾತ್ರಿ ಎರಡು ಗಂಟೆಯ ಸರದಿಯನ್ನು ತಾನೇ ವಹಿಸಿಕೊಂಡಿದ್ದಾನೆಂದು ಅವನ ಹೆಂಡತಿಯಿಂದ ತಿಳಿದಾಗ, ಅವನಿಗೆ ನಾನು ಕಲಿಸುವುದಕ್ಕಿಂತ ಅವನಿಂದ ಕಲಿಯುವುದು ಹೆಚ್ಚಿತ್ತು.

ಅಂದು ನನ್ನ ಕೈಯನ್ನು ಕೇಳಿದ ಹಿರಿಯರು ತಮ್ಮ ಕೈಯ ವಿಷಯವನ್ನು ಒಂದು ವರ್ಷ ಎತ್ತಲಿಲ್ಲ. ಆಮೇಲೊಮ್ಮೆ ಕೂಟ ಮುಗಿದು ಕುರ್ಚಿಗಳನ್ನು ಜೋಡಿಸುವಾಗ ಹೇಳಿದರು, ಮದುವೆಯಾಗಿ 46 ವರ್ಷಗಳ ನಂತರ ಹೆಂಡತಿಯ ಎದುರು ಬಾಯಿಬಿಟ್ಟು ಪ್ರಾರ್ಥಿಸಿದೆ ಎಂದು. ಆಕೆ ಆಮೆನ್ ಎನ್ನಲಿಲ್ಲವಂತೆ, ಏನೂ ಹೇಳಲಿಲ್ಲವಂತೆ. ಮರುದಿನ ರಾತ್ರಿ ಇವರು ಮರೆತು ಮಲಗಲು ಹೋದಾಗ, ಆಕೆ ದೀಪ ಆರಿಸದೆ ಮಂಚದ ಮೇಲೆ ಕೂತೇ ಇದ್ದರಂತೆ.

14 ಜನರಲ್ಲಿ ಐವರು ಕೂಟ ಬಿಟ್ಟರು. ಇಬ್ಬರು ಬೇರೆ ಊರಿಗೆ ಹೋದರು, ಮೂವರಿಗೆ ಇದು ಒಗ್ಗಲಿಲ್ಲ, ಅವರಿಗೆ ಪ್ರಸಂಗವೇ ಬೇಕಿತ್ತು. ಅವರನ್ನು ದೂರುವುದಿಲ್ಲ. ಉಳಿದವರು ಮತ್ತು ಆಮೇಲೆ ಬಂದವರು ಸೇರಿ ಈಗ ಏಳು ಸಣ್ಣ ಗುಂಪುಗಳಿವೆ, ಮಾರ್ಕನ ಸುವಾರ್ತೆಯ ಒಂಬತ್ತನೆಯ ಸುತ್ತು ನಡೆಯುತ್ತಿದೆ.

ನನ್ನ ಮಗ ಈಗ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾನೆ. ಅವನ ನಂಬಿಕೆ ಎಲ್ಲಿದೆ ಎಂದು ಕೇಳಿದರೆ ನನಗೆ ಪೂರ್ತಿ ತಿಳಿಯದು, ಕೇಳುವ ಹಕ್ಕು ಇನ್ನೂ ಸಿಕ್ಕಿಲ್ಲವೆಂದೂ ಅನ್ನಿಸುತ್ತದೆ. ಕಳೆದ ತಿಂಗಳು ಬೆಳಗ್ಗೆ ಏಳು ಗಂಟೆಗೆ ಫೋನು ಮಾಡಿ, "ಅಪ್ಪಾ, ಇವತ್ತು ಪರೀಕ್ಷೆ. ಪ್ರಾರ್ಥನೆ ಮಾಡಿ" ಎಂದನು. ನಾನು ಕುರ್ಚಿ ಎಳೆದುಕೊಂಡು ಕೂರುವಷ್ಟರಲ್ಲಿ ಆ ಕಡೆಯಿಂದ ಮತ್ತೆ ಧ್ವನಿ ಬಂತು: "ಚಿಕ್ಕದಾಗಿ ಮಾಡಿ, ಬಸ್ಸು ಬರ್ತಾ ಇದೆ."